ಪಾರಿವಾಳ ಬಣ್ಣದ ಕಾರು ಮತ್ತು ಗಣತಿಯವರ ಹೊಟ್ಟೆಕಿಚ್ಚು

ದಂಡೆತ್ತಿ ಹೋಗುವ ರಾಜರಿಗೆ ಆನೆ, ಕುದುರೆ, ಕೊಂಬು, ಕಹಳೆ ಎಲ್ಲ ಇರುತ್ತಿದ್ದವು. ನಮ್ಮ ಕಚೇರಿಯ ಗಣತಿಯವರಿಗೆ ಇದ್ದದ್ದು ಒಂದು ಸ್ಕೂಟರ್. ಅದು ಒಂಬತ್ತನೆಯ ಒದೆತಕ್ಕೆ ಕೆಮ್ಮುತ್ತಿತ್ತು, ಹನ್ನೊಂದನೆಯದಕ್ಕೆ ಏಳುತ್ತಿತ್ತು. ತಲೆಗೆ ಕಿರೀಟದಂಥ ಹೆಲ್ಮೆಟ್, ಕಂಕುಳಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಉದ್ದನೆಯ ನೋಟ್‌ಬುಕ್, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಹೆಲ್ಮೆಟ್ ಹಾಕಿಕೊಂಡರೆ ಕಿವಿಯಲ್ಲಿ ಪೆನ್ಸಿಲ್ ನಿಲ್ಲುವುದಿಲ್ಲ ಎಂಬ ಸತ್ಯ ಅವರಿಗೆ ದಿನವೂ ಹೊಸದಾಗಿ ಗೊತ್ತಾಗುತ್ತಿತ್ತು. ಬಿದ್ದ ಪೆನ್ಸಿಲ್ ಹೆಕ್ಕಿಕೊಂಡು, ನಮ್ಮ ಕಿಟಕಿಯ ಕಡೆ ಒಮ್ಮೆ ಕತ್ತೆತ್ತಿ, "ಬರ್ತೀನ್ರಪ್ಪಾ" ಎಂದು ಹೊರಟರೆ, ಅವರ ಹಿಂದೆ ಹೊಗೆಯೇ ಸೈನ್ಯದ ಹಾಗೆ ಸಾಗುತ್ತಿತ್ತು.

ನಮ್ಮದು ಜನ ಮನೆಯಲ್ಲೇ ಕೂತು ಹಳೆಯ ಕಾರು ಆರಿಸಿಕೊಳ್ಳುವ ವೆಬ್‌ಸೈಟು. ಕೊಳ್ಳುವವರೇನೋ ಮನೆಯಲ್ಲಿ ಕೂರುತ್ತಾರೆ, ಆದರೆ ಯಾವ ಡೀಲರನ ಯಾರ್ಡಿನಲ್ಲಿ ಇವತ್ತು ಯಾವ ಕಾರು ನಿಂತಿದೆ ಎಂದು ಯಾರಾದರೂ ಹೋಗಿ ನೋಡಬೇಕಲ್ಲ? ಹದಿನಾರು ವರ್ಷದಿಂದ ನೋಡಿದವರು ಗಣತಿಯವರು. ವಾರಕ್ಕೆ ಮೂವತ್ತೊಂದು ಯಾರ್ಡು. ಸಾಲು ಸಾಲಾಗಿ ನಡೆದು ಕಾರಿನ ಹೆಸರು, ಹುಟ್ಟಿದ ವರ್ಷ, ಓಡಿದ ದೂರ, ಬಣ್ಣ, ಬೆಲೆ ಬರೆದುಕೊಂಡು, ಒಂದು ಫೋಟೋ ಹೊಡೆದುಕೊಂಡು ಬರುವುದು. ಯಾರ ಯಾರ್ಡಿನಲ್ಲಿ ಹೆಚ್ಚು ಕಾರಿದೆಯೋ ಅವರ ಹೆಸರು ನಮ್ಮ ವೆಬ್‌ಸೈಟಿನಲ್ಲಿ ಮೇಲೆ. ಹಾಗಾಗಿ ಗಣತಿಯವರ ಸ್ಕೂಟರ್ ಸದ್ದು ಕೇಳಿದರೆ ಸಾಕು, ಯಾರ್ಡುಗಳಲ್ಲಿ ಬಟ್ಟೆ ಹಿಡಿದು ಕಾರು ಒರೆಸುವವರು ನಾಲ್ಕು ದಿಕ್ಕಿಗೂ ಓಡುತ್ತಿದ್ದರು. ಮನೆಗೆ ಬೀಗರು ಬಂದಾಗಲೂ ಅಷ್ಟು ಗಡಿಬಿಡಿ ಆಗುವುದಿಲ್ಲ.

ಅವರ ಹೆಮ್ಮೆ ಒಂದೇ. "ಕಾರಿನ ನಂಬರು ನೋಡೋನು ಪೊಲೀಸಿನವನು. ನಾನು ಮುಖ ನೋಡ್ತೀನಿ. ಒಂದ್ಸಲ ನೋಡಿದ ಕಾರನ್ನ ಜನ್ಮದಲ್ಲಿ ಮರೆಯೋದಿಲ್ಲ." ಬಣ್ಣದ ವಿಷಯದಲ್ಲಂತೂ ಅವರು ಕವಿ. ಯಾರ್ಡಿನ ಯಜಮಾನರು ಏನು ಹೇಳಿದರೋ ಅದನ್ನೇ ಗೌರವದಿಂದ ಬರೆಯುತ್ತಿದ್ದರು. ಆನೆ ಬಣ್ಣ, ಹಣ್ಣೆಲೆ ಬಣ್ಣ, ಮೋಡ ಬಣ್ಣ, ಪಾರಿವಾಳ ಬಣ್ಣ. ನಮ್ಮ ವೆಬ್‌ಸೈಟಿಗೆ ಗೊತ್ತಿದ್ದದ್ದು ಹನ್ನೆರಡು ಬಣ್ಣ. ಗಣತಿಯವರ ನೋಟ್‌ಬುಕ್ಕಿನಲ್ಲಿ ನೂರ ನಾಲ್ಕಿದ್ದವು.

ಅವರು ತಂದ ಫೋಟೋಗಳು ಬಂದು ಬೀಳುತ್ತಿದ್ದದ್ದು ನನ್ನ ಮೇಜಿಗೆ. ವೆಬ್‌ಸೈಟಿಗೆ ಹಾಕುವ ಮುಂಚೆ ಪ್ರತಿ ಕಾರಿನ ನಂಬರ್ ಪ್ಲೇಟು ಕಾಣದ ಹಾಗೆ ಕಂಪ್ಯೂಟರಿನಲ್ಲಿ ಮಸುಕು ಮಾಡುವುದು ನನ್ನ ಕೆಲಸ. ಗಣತಿಯವರು ನನ್ನನ್ನು ಕರೆಯುತ್ತಿದ್ದದ್ದು 'ಮಸಿ' ಅಂತ. "ಏನ್ ಮಸಿ, ಇವತ್ತು ಎಷ್ಟು ಜನರ ಮುಖಕ್ಕೆ ಬಳಿದೆ?" ನನ್ನ ಕುರ್ಚಿಗೂ ಅವರ ಸ್ಕೂಟರಿಗೂ ನಡುವೆ ಒಂದು ಗಾಜಿನ ಕಿಟಕಿ ಮಾತ್ರ ಇತ್ತು. ಆ ಕಿಟಕಿಯಿಂದ ಅವರು ಬಿಸಿಲಿಗೆ ಹೊರಡುವುದನ್ನು ನೋಡಿ ನನಗೂ ಒಳಗೊಳಗೆ ಸ್ವಲ್ಪ ಉರಿಯುತ್ತಿತ್ತು. ಆ ವಿಷಯ ಇರಲಿ, ನಾನೇನೂ ಸಂನ್ಯಾಸಿ ಅಂತ ಹೇಳಿಕೊಂಡಿಲ್ಲ.

ಹೀಗೆ ಏಕಚಕ್ರಾಧಿಪತ್ಯ ನಡೆದಿರುವಾಗ ಹಲೋ ಮೇಡಂ ಬಂದರು.

ಅವರ ಪ್ರತಿ ಮಾತೂ 'ಹಲೋ' ಎಂದು ಶುರುವಾಗುತ್ತಿತ್ತು, ಎದುರಿಗೆ ನಿಂತವರ ಜೊತೆಯಲ್ಲೂ. ನಲವತ್ತರ ಹೆಂಗಸು. ಮುಂಚೆ ಎಲ್ಲೋ ಬಸ್ ಟಿಕೆಟ್ ಕಾದಿರಿಸುವ ಕಚೇರಿಯಲ್ಲಿದ್ದರಂತೆ. ನಮ್ಮ ಸಾಹೇಬರು, ಅವರಿಗೆ ನಮ್ಮೆಲ್ಲರಿಗಿಂತ ವಯಸ್ಸು ಕಡಿಮೆ, ಸಂಬಳ ಹೆಚ್ಚು, ಮೇಡಮ್ಮಿಗೆ ಕಿವಿಗೆ ಹಾಕುವ ಹೆಡ್‌ಫೋನ್, ಚಕ್ರ ಇರುವ ಕುರ್ಚಿ, ಮೂವತ್ತೊಂದು ಯಾರ್ಡಿನ ಫೋನ್ ನಂಬರು ಕೊಟ್ಟು ಹೇಳಿದರು: "ಕೂತಲ್ಲೇ ಪಟ್ಟಿ ತೆಗೀರಿ, ನೋಡೋಣ."

ಮೇಡಂ ಕೂತರು. ಹಲೋ ಅಂದರು. ಕಾರಿನ ಹೆಸರು, ವರ್ಷ, ಬಣ್ಣ ಕೇಳಿದರು. ಒಂದು ಕಾರಿಗೂ ಇನ್ನೊಂದಕ್ಕೂ ಗೊಂದಲ ಆಗದಿರಲಿ ಎಂದು ಪ್ರತಿಯೊಂದರ ಮೈಮೇಲೆ ಕೊರೆದಿರುವ ಚಾಸಿ ನಂಬರಿನ ಕೊನೆಯ ಆರು ಅಂಕೆಗಳನ್ನೂ ಕೇಳಿ ಬರೆದುಕೊಂಡರು. ಶನಿವಾರ ಗೋಡೆಯ ಮೇಲಿನ ಬಿಳಿ ಬೋರ್ಡಿನಲ್ಲಿ ಸಾಹೇಬರು ಲೆಕ್ಕ ಬರೆದರು. ಗಣತಿ 612. ಹಲೋ 615.

ಹದಿನಾರು ವರ್ಷದಲ್ಲಿ ಆ ಬೋರ್ಡಿನ ಮೇಲೆ ಗಣತಿಯವರ ಹೆಸರಿನ ಕೆಳಗೆ ಜಾಗವಿತ್ತೇ ಹೊರತು ಮೇಲೆ ಇರಲಿಲ್ಲ.

"ಮೂರು!" ಎಂದರು ಗಣತಿಯವರು, ನನ್ನ ಮೇಜಿನ ಮೂಲೆ ಹಿಡಿದುಕೊಂಡು. "ಮೂರೇ ಮೂರು ಕಾರು, ಮಸಿ. ಅವಳು ಎದ್ದು ಒಂದು ಹೆಜ್ಜೆ ಇಟ್ಟಿಲ್ಲ. ನನ್ನ ಚಪ್ಪಲಿ ನೋಡು."

ನೋಡಿದೆ. ಸವೆದಿತ್ತು.

ಹೊಟ್ಟೆಕಿಚ್ಚು ಎಂಬ ಪದವನ್ನು ಕಟ್ಟಿದವರು ಬಹಳ ಪ್ರಾಮಾಣಿಕರು ಎಂದು ನನಗೆ ತಿಳಿದದ್ದು ಅದರ ಮುಂದಿನ ವಾರ. ಗಣತಿಯವರಿಗೆ ನಿಜವಾಗಿಯೂ ಹೊಟ್ಟೆಯಲ್ಲೇ ಕಿಚ್ಚು ಶುರುವಾಯಿತು. ಡಾಕ್ಟರು ಬಿಳಿ ಗುಳಿಗೆ ಕೊಟ್ಟು, ಖಾರ ಬಿಡಿ ಎಂದರಂತೆ. ಖಾರ ಬಿಡಬಹುದು, ಬೋರ್ಡು ನೋಡುವುದನ್ನು ಬಿಡುವುದು ಹೇಗೆ? ಹಲೋ ಮೇಡಮ್ಮಿನ ಕುರ್ಚಿಗೆ ಐದು ಚಕ್ರ, ತಮ್ಮ ಸ್ಕೂಟರಿಗೆ ಎರಡೇ ಎನ್ನುವುದನ್ನು ಕಂಡುಹಿಡಿದರು. ಅವರ ಹೆಡ್‌ಫೋನನ್ನು ಇನ್ನೊಬ್ಬ ರಾಜನ ಕಿರೀಟ ನೋಡಿದ ಹಾಗೆ ನೋಡಿದರು. ಮೇಡಮ್ಮಿನ ಬಿಸಿನೀರಿನ ಫ್ಲಾಸ್ಕ್ ಕಂಡರೂ ಅವರಿಗೆ ಸೇರಲಿಲ್ಲ. "ಬಾಯಿಗೆ ಬಿಸಿನೀರು ಬೇರೆ! ದಂಡಿನಲ್ಲಿ ಕತ್ತಿ ಮಸೆಯೋ ಹಾಗೆ ಗಂಟಲು ಮಸೀತಾಳೆ."

ಸೋಮವಾರ ಸಾಹೇಬರು ಎಲ್ಲರನ್ನೂ ಕರೆದು ಹೇಳಿದರು. "ಈ ತಿಂಗಳು ಇಬ್ಬರೂ ಅದೇ ಮೂವತ್ತೊಂದು ಯಾರ್ಡಿನ ಪಟ್ಟಿ ತರಲಿ. ಕೊನೇ ದಿನ ಯಾರದು ಹೆಚ್ಚೋ ಆ ಪದ್ಧತಿ ಇಟ್ಕೊಳ್ಳೋಣ. ಫೋನ್ ಗೆದ್ದರೆ ಗಣತಿಯವರು ಇನ್ನು ಬಿಸಿಲಲ್ಲಿ ಅಲೆಯೋದು ಬೇಡ. ಆರಾಮಾಗಿ ಇಲ್ಲೇ ಕೂತು ನಂಬರ್ ಪ್ಲೇಟ್ ಮಸುಕು ಮಾಡಲಿ."

ಸಾಹೇಬರು ಇದನ್ನು ಉಪಕಾರ ಎಂದೇ ತಿಳಿದಿದ್ದರು. ಗಣತಿಯವರು ಹೆಲ್ಮೆಟ್ ಎತ್ತಿಕೊಂಡು ಎದ್ದರು.

"ಕೂತ್ಕೊಂಡು ಮಸಿ ಬಳಿಯೋದಾ?" ಎಂದು ಹೊರಗೆ ಬಂದು ಕೇಳಿದರು. ಆಮೇಲೆ ನನ್ನ ಮುಖ ನೋಡಿ, "ನಿನ್ನನ್ನ ಅಂದಿದ್ದಲ್ಲ ಕಣೋ. ನಿನಗೆ ಅಭ್ಯಾಸ ಇದೆ," ಎಂದರು.

ಯುದ್ಧ ಶುರುವಾಯಿತು. ಗಣತಿಯವರು ಒಂಬತ್ತರ ಬದಲು ಎಂಟಕ್ಕೆ ಹೊರಟರು. ಎಂಜಿನ್ ಬಿಚ್ಚಿಟ್ಟಿದ್ದ ಕಾರುಗಳನ್ನೂ ಎಣಿಸಿದರು. ಯಾರ್ಡಿನ ಹಿಂದೆ ಗಿಡ ಬೆಳೆದು ಮುಚ್ಚಿಹೋಗಿದ್ದ ಒಂದು ಕಾರನ್ನು ಕೊಂಬೆ ಸರಿಸಿ ಹೊರತೆಗೆದು, ಬಣ್ಣ 'ಹಸಿರು' ಎಂದು ಬರೆದರು. ಆದರೆ ಅವರನ್ನು ನಿಜವಾಗಿ ಚುಚ್ಚಿದ್ದು ಮೀಸೆ ಯಜಮಾನರ ಮಾತು. ಇವರದು ಗಣತಿಯವರ ಮಂಗಳವಾರದ ಸುತ್ತಿನ ಮೊದಲನೆಯ ಯಾರ್ಡು. ಮನುಷ್ಯನಿಗಿಂತ ಮೊದಲು ಮೀಸೆ ಬಾಗಿಲಿಗೆ ಬರುತ್ತಿತ್ತು.

"ಅವಳು ಫೋನ್ ಮಾಡ್ತಾಳಾ ನಿಮಗೆ?" ಎಂದು ಕೇಳಿದರಂತೆ ಗಣತಿಯವರು. ಹೆಂಡತಿಯ ಜೊತೆ ಬೇರೆ ಯಾರನ್ನೋ ಕಂಡ ಗಂಡನ ದನಿಯಲ್ಲಿ.

"ದಿನಾ ಮಾಡ್ತಾರೆ ಕಣಯ್ಯಾ. ಎಷ್ಟು ಒಳ್ಳೇ ಹೆಣ್ಣುಮಗಳು! ಮೊದಲು ಊಟ ಆಯ್ತಾ ಅಂತ ಕೇಳ್ತಾರೆ, ಆಮೇಲೆ ಕಾರಿನ ವಿಷಯ. ನೀನು ಹದಿನಾರು ವರ್ಷದಿಂದ ಬರ್ತಿದ್ದೀಯ, ಒಂದು ದಿನ ಕೇಳಿದ್ದೀಯಾ?"

"ನಾನು ಬರ್ತಿದ್ದದ್ದು ಒಂಬತ್ತೂಕಾಲಿಗೆ. ಆವಾಗ ಯಾರ ಊಟ ಆಗಿರುತ್ತೆ?"

"ಕೇಳೋಕೆ ಏನಾಗಿತ್ತು?"

ಮರುದಿನದಿಂದ ಗಣತಿಯವರು ಬೆಳಗ್ಗೆ ಎಂಟೂಕಾಲಿಗೆ, ಹಲ್ಲುಜ್ಜುತ್ತಿದ್ದ ಡೀಲರುಗಳನ್ನು ಹಿಡಿದು ಊಟ ಆಯ್ತಾ ಎಂದು ಕೇಳತೊಡಗಿದರು. ಅದೂ ಹಲ್ಲು ಕಚ್ಚಿಕೊಂಡು. ಒಬ್ಬಿಬ್ಬರು ಹೆದರಿದರು ಎಂದು ಕೇಳಿದ್ದೇನೆ.

ಮನೆಯಲ್ಲಾದರೂ ನೆಮ್ಮದಿ ಸಿಕ್ಕಿತೇ? ಒಂದು ದಿನ ಫೋನನ್ನು ಕಚೇರಿಯಲ್ಲೇ ಮರೆತುಹೋದರು. ಹೆಂಡತಿ ಫೋನ್ ಮಾಡಿದಾಗ ಎತ್ತಿದ್ದು ಹಲೋ ಮೇಡಂ. ಸಂಜೆ ಗಣತಿಯವರು ಮನೆಗೆ ಹೋಗುವಷ್ಟರಲ್ಲಿ ಕೋಟೆಯ ಹಿಂಬಾಗಿಲು ಶತ್ರುವಿಗೆ ತೆರೆದಾಗಿತ್ತು.

"ರೀ, ನಿಮ್ಮ ಆಫೀಸಿನ ಮೇಡಂ ಎಷ್ಟು ಚೆನ್ನಾಗಿ ಮಾತಾಡ್ತಾರ್ರೀ! ಅರ್ಧ ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ. ಅವರ ತಾಯಿಗೂ ಮಂಡಿನೋವಂತೆ, ನಮ್ಮಮ್ಮನ ಹಾಗೇ."

"ಅವಳ ವಿಷಯ ಈ ಮನೇಲಿ ಎತ್ತಬೇಡ."

"ಯಾಕ್ರೀ? ನಿಮ್ಮ ಬಗ್ಗೆ ಎಷ್ಟು ಹೊಗಳಿದ್ರು ಗೊತ್ತಾ? ಅಣ್ಣನ ಕಾಲಿಗೆ ದಣಿವೇ ಇಲ್ಲ ಅಂದ್ರು."

ಗೋಡೆಗೆ ಒರಗಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅತ್ತೆಯವರು ತಲೆ ಎತ್ತದೆ ಹೇಳಿದರು. "ಹೊಗಳಿದ್ರೂ ಉರೀತಾರೆ, ತೆಗಳಿದ್ರೂ ಉರೀತಾರೆ. ಅಳಿಯಂದ್ರಿಗೆ ತಣ್ಣಗೆ ಹಾಲು ಕೊಡೇ."

ಇದನ್ನೆಲ್ಲ ಗಣತಿಯವರೇ ಮರುದಿನ ನನಗೆ ಹೇಳಿದ್ದು. ಹೊಟ್ಟೆ ಉರಿಯುವವನಿಗೆ ಕೇಳುವವನೊಬ್ಬ ಬೇಕು, ನಾನು ಎಲ್ಲಿಗೂ ಹೋಗುವವನಲ್ಲ.

ಮೂರನೆಯ ವಾರ ಅವರಿಗೆ ಅಸ್ತ್ರ ಸಿಕ್ಕಿತು. ಮೇಡಮ್ಮಿನ ಪಟ್ಟಿಯಲ್ಲಿ ಒಂದು ಕೆಂಪು ಕಾರಿತ್ತು. ಆ ಕಾರನ್ನು ಹಿಂದಿನ ಮಂಗಳವಾರವೇ ಒಬ್ಬ ದಂತವೈದ್ಯ ಕೊಂಡು ಓಡಿಸಿಕೊಂಡು ಹೋದದ್ದನ್ನು ಗಣತಿಯವರು ಕಣ್ಣಾರೆ ಕಂಡಿದ್ದರು. ಅಂದರೆ ಡೀಲರುಗಳು ಫೋನಿನಲ್ಲಿ ಮಾರಿಹೋದ ಕಾರುಗಳನ್ನೂ ಸೇರಿಸಿ ಓದುತ್ತಿದ್ದರು! ಕಾರನ್ನು ಕಣ್ಣಿಂದ ನೋಡದ ಮೇಡಂ ಬರೆದುಕೊಳ್ಳುತ್ತಿದ್ದರು!

"ಸಿಕ್ಕಿಬಿದ್ದಳು!" ಎಂದು ನನ್ನ ಮೇಜನ್ನು ಗುದ್ದಿದರು. ಒಂದು ನಂಬರ್ ಪ್ಲೇಟಿನ ಬದಲು ಡ್ರೈವರ್ ಸೀಟೇ ಮಸುಕಾಯಿತು. "ದೆವ್ವದ ಕಾರುಗಳು, ಮಸಿ! ಎಷ್ಟಿವೆ ಅಂತ ಒಂದೊಂದಾಗಿ ಎಣಿಸಿ, ಕೊನೇ ದಿನ ಸಭೇಲಿ ಓದ್ತೀನಿ. ಎಲ್ಲರ ಎದುರಿಗೆ."

ಅವತ್ತಿನಿಂದ ಮೇಡಮ್ಮಿನ ಪಟ್ಟಿಯ ಒಂದು ಪ್ರತಿ ಮುದ್ರಿಸಿಕೊಂಡು, ಯಾರ್ಡಿನಲ್ಲಿ ಇಲ್ಲದ ಕಾರುಗಳ ಗಣತಿಗೆ ಹೊರಟರು. ಇದ್ದದ್ದನ್ನು ಎಣಿಸುವವರನ್ನು ನೀವು ಕಂಡಿರಬಹುದು. ಇಲ್ಲದ್ದನ್ನು ಇಷ್ಟು ಸಂತೋಷದಿಂದ ಎಣಿಸಿದವರನ್ನು ನಾನು ಕಂಡಿಲ್ಲ. ಒಂದೊಂದು ಖಾಲಿ ಜಾಗದ ಮುಂದೆಯೂ ನಿಂತು ನಗುತ್ತಿದ್ದರಂತೆ.

ಈ ಬೇಟೆಯೇ ಅವರನ್ನು ಎಡವಿಸಿತು. ಹದಿನಾರು ವರ್ಷದಿಂದ ಮಂಗಳವಾರದ ಸುತ್ತು ಒಂದೇ ದಾರಿ. ಮೊದಲು ಮೀಸೆ ಯಜಮಾನರು, ಆಮೇಲೆ ಗುಂಡಣ್ಣ, ಕೊನೆಗೆ ಕನ್ನಡಕದ ಅಕ್ಕನ ಯಾರ್ಡು. ಮೂರೂ ಕಡೆ ಟೀ. ಮೇಡಂ ಕನ್ನಡಕದ ಅಕ್ಕನಿಗೆ ಹತ್ತು ಗಂಟೆಗೆ ಫೋನ್ ಮಾಡುತ್ತಾರೆ ಎಂದು ತಿಳಿದು, ಅವರಿಗಿಂತ ಮುಂಚೆ ಅಲ್ಲಿರಬೇಕೆಂದು ಗಣತಿಯವರು ಆ ಮಂಗಳವಾರ ದಾರಿಯನ್ನು ತಿರುಗುಮುರುಗು ಮಾಡಿದರು. ಎಂಟೂವರೆಗೇ ಅಕ್ಕನ ಗೇಟಿನ ಮುಂದೆ ಸ್ಕೂಟರು ಕೆಮ್ಮಿತು.

ಯಾರ್ಡು ಅರ್ಧ ಖಾಲಿ.

ಕನ್ನಡಕದ ಅಕ್ಕ ಕನ್ನಡಕ ಹುಡುಕುತ್ತ ಓಡಿಬಂದರು. ಅದು ಅವರ ಹಣೆಯ ಮೇಲೆಯೇ ಇತ್ತು. "ಅಯ್ಯೋ, ಇಷ್ಟು ಬೇಗ ಬಂದ್ರಲ್ಲಪ್ಪಾ! ನಮ್ಮ ಕಾರುಗಳಿನ್ನೂ ಬಂದಿಲ್ಲ."

"ಬಂದಿಲ್ಲ ಅಂದ್ರೆ?"

"ಅಂದ್ರೆ... ತೊಳೆಯೋಕೆ ಹೋಗಿವೆ. ಕೂತಿರಿ, ಟೀ ಕುಡೀರಿ. ಎರಡು ಟೀ ಕುಡೀರಿ." ಎಂದವರೇ ಒಳಗೆ ಹೋಗಿ ಯಾರಿಗೋ ಫೋನಿನಲ್ಲಿ ಪಿಸುಗುಟ್ಟಿದರು.

ಗಣತಿಯವರಿಗೆ ಕೂರುವ ವ್ಯವಧಾನವಿರಲಿಲ್ಲ. ಗುಂಡಣ್ಣನ ಯಾರ್ಡಿಗೆಂದು ಸ್ಕೂಟರ್ ತಿರುಗಿಸಿದರು. ನೀರಿನ ಟ್ಯಾಂಕಿನ ಹತ್ತಿರದ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಎದುರುಗಡೆಯ ಸಾಲಿನ ಮುಂದೆ ಒಂದು ಕಾರು ಬಂದು ನಿಂತಿತು. ಬಲಗಡೆ ಬಾಗಿಲ ಮೇಲೆ ಬೊಟ್ಟಿನಷ್ಟು ಅಗಲದ ತಗ್ಗು. ಆ ಮುಖ ಅವರಿಗೆ ಗೊತ್ತು. ಮೀಸೆ ಯಜಮಾನರ ಪಾರಿವಾಳ ಬಣ್ಣದ ಕಾರು. ಅಲ್ಲ, ಗುಂಡಣ್ಣನ ಮೋಡ ಬಣ್ಣದ ಕಾರು. ಅಲ್ಲ, ಅಕ್ಕನ ಬೂದಿ ಬಣ್ಣದ ಕಾರು. ಏಳು ತಿಂಗಳಿಂದ ಈ ಮೂರೂ ಕಾರು ಅವರ ನೋಟ್‌ಬುಕ್ಕಿನಲ್ಲಿದ್ದವು. "ಒಂದೇ ತಾಯಿ ಹೊಟ್ಟೇಲಿ ಹುಟ್ಟಿದ ಮೂವರು ಅಕ್ಕತಂಗಿಯರು ಇದ್ದ ಹಾಗಿವೆ ಕಣೋ" ಎಂದು ನನ್ನ ಹತ್ತಿರ ಒಮ್ಮೆ ಮೆಚ್ಚಿಕೊಂಡಿದ್ದರು ಕೂಡ.

ಸ್ಟಿಯರಿಂಗಿನ ಹಿಂದೆ ಮೊದಲು ಮೀಸೆ ಕಂಡಿತು, ಆಮೇಲೆ ಯಜಮಾನರು. ಅವರ ಹಿಂದೆ ಇನ್ನೂ ಒಂಬತ್ತು ಕಾರು, ಸಾಲಾಗಿ. ಎಲ್ಲವೂ ಪರಿಚಯದ ಮುಖಗಳೇ.

"ಏನ್ ಯಜಮಾನ್ರೇ," ಎಂದರು ಗಣತಿಯವರು, ಸಿಗ್ನಲ್ ದಾಟಿ ಪಕ್ಕಕ್ಕೆ ಬಂದು. "ಎಲ್ಲಿಗೆ ಮೆರವಣಿಗೆ?"

"ಸುಮ್ನೆ... ಬ್ಯಾಟರಿ ಇಳಿಯುತ್ತೆ ಅಂತ ಒಂದು ಸುತ್ತು." ಮೀಸೆಯ ಒಂದು ತುದಿ ಕೆಳಗೆ ಬಾಗಿತ್ತು. ಆಮೇಲೆ ಅವರಿಗೇ ಸಿಟ್ಟು ಬಂತು. "ಅದಿರಲಿ, ನೀನ್ಯಾಕಯ್ಯಾ ಉಲ್ಟಾ ಬಂದೆ? ಮಂಗಳವಾರ ಮೊದಲು ನಮ್ಮಲ್ಲಿಗೆ ತಾನೇ ಬರಬೇಕು? ನಿನ್ನ ನಂಬ್ಕೊಂಡು ನಾವೆಲ್ಲ ಒಂದು ವ್ಯವಸ್ಥೆ ಮಾಡ್ಕೊಂಡಿದ್ರೆ, ನೀನು ಹೀಗೆ ಮಾಡೋದಾ?"

ವ್ಯವಸ್ಥೆ ಸರಳವಾಗಿತ್ತು. ಗಣತಿಯವರು ಒಂದು ಯಾರ್ಡಿನಲ್ಲಿ ಎಣಿಸಿ, ಟೀ ಕುಡಿಯುವಷ್ಟರಲ್ಲಿ, ಎಣಿಸಿಯಾದ ಕಾರುಗಳು ಹಿಂದಿನ ಗಲ್ಲಿಯಿಂದ ಮುಂದಿನ ಯಾರ್ಡಿಗೆ ಹೋಗಿ ಅವರಿಗಾಗಿ ಕಾದು ನಿಲ್ಲುತ್ತಿದ್ದವು. ವಾರದ ಉಳಿದ ದಿನಗಳ ಸುತ್ತುಗಳಲ್ಲೂ ಇದೇ. ರಾಜರು ಸುತ್ತು ಹೊಡೆದದ್ದು ನಿಜ. ಅವರ ಮುಂದೆ ಅದೇ ಪ್ರಜೆಗಳು ಮತ್ತೆ ಮತ್ತೆ ಬಂದು ಕೈಮುಗಿದು ನಿಂತಿದ್ದರು, ಅಷ್ಟೇ.

ಅವತ್ತು ಗಣತಿಯವರು ಹನ್ನೊಂದಕ್ಕೇ ಕಚೇರಿಗೆ ಬಂದು ನನ್ನ ಪಕ್ಕ ಸ್ಟೂಲ್ ಎಳೆದುಕೊಂಡರು. "ಮಸಿ, ಆ ಮೂರು ಅಕ್ಕತಂಗಿಯರ ಫೋಟೋ ತೆಗಿ. ಮಸುಕು ಮಾಡೋಕೆ ಮುಂಚಿನದು."

ತೆಗೆದೆ. ಪಾರಿವಾಳ, ಮೋಡ, ಬೂದಿ. ಮೂರರಲ್ಲೂ ಒಂದೇ ನಂಬರು.

"ನಿನಗೆ ಗೊತ್ತಿತ್ತಾ?"

"ಏಳು ತಿಂಗಳಿಂದ ಆ ನಂಬರಿಗೆ ವಾರಕ್ಕೆ ಮೂರು ಸಲ ಬಳೀತಿದ್ದೀನಿ."

"ಬಾಯಿ ಬಿಟ್ಟು ಹೇಳಬಾರದಿತ್ತಾ?"

"ನಂಬರು ನೋಡೋನು ಪೊಲೀಸಿನವನು ಅಂತ ನೀವೇ ಹೇಳಿದ್ರಿ."

ಅವರು ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. ಎರಡು ದಿನ ಕೂತು ಹಳೆಯ ಫೋಟೋಗಳನ್ನೆಲ್ಲ ತೆಗೆಸಿ ನೋಡಿದರು. ಇಪ್ಪತ್ತೊಂಬತ್ತು ಕಾರುಗಳು ಮೂರು ಮೂರು ಸಲ ಅವರ ನೋಟ್‌ಬುಕ್ಕಿನೊಳಗೆ ಹೊಕ್ಕಿದ್ದವು. ಈ ವಿಷಯ ಕಚೇರಿಯಲ್ಲಿ ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಎಂದು ನಾವು ತಿಳಿದಿದ್ದೆವು. "ಬಾಯಿ ಮುಚ್ಕೊಂಡಿರು," ಎಂದರು ಗಣತಿಯವರು. "ಏಳು ತಿಂಗಳು ಮುಚ್ಕೊಂಡಿದ್ದೀಯ, ಇನ್ನು ಆರು ದಿನ ಕಷ್ಟ ಆಗಲ್ಲ."

ತಿಂಗಳ ಕೊನೆಯ ದಿನ ಬಂತು. ಬೋರ್ಡಿನಲ್ಲಿ ಗಣತಿ 668, ಹಲೋ 671. ಮತ್ತೆ ಅದೇ ಮೂರು.

ಸಾಹೇಬರು ಬಾಯಿ ತೆರೆಯುವ ಮುಂಚೆಯೇ ಗಣತಿಯವರು ಎದ್ದು ನಿಂತರು. ಕಿವಿಯಿಂದ ಪೆನ್ಸಿಲ್ ತೆಗೆದರು. "ಸಾಹೇಬ್ರೇ, ಮೇಡಮ್ಮಿನ ಪಟ್ಟೀಲಿ ಐವತ್ತೆಂಟು ಕಾರುಗಳು ಇಲ್ಲವೇ ಇಲ್ಲ. ಮಾರಿಹೋಗಿವೆ. ಒಂದೊಂದಾಗಿ ಓದ್ತೀನಿ." ಓದಿದರು. ದಂತವೈದ್ಯನ ಕೆಂಪು ಕಾರಿನಿಂದ ಹಿಡಿದು ಐವತ್ತೆಂಟನ್ನೂ, ಯಾವ ದಿನ ಯಾರು ಕೊಂಡರು ಎನ್ನುವುದರ ಸಮೇತ. ಮೂವತ್ತರ ಹೊತ್ತಿಗೆ ದನಿಗೆ ಲಯ ಬಂತು. ನಲವತ್ತರ ಮೇಲೆ ತೋಳು ಬೀಸಿದರು. ನಾನು ಅಷ್ಟು ಸುಖಿಯಾದ ಮನುಷ್ಯನನ್ನು ಮದುವೆ ಮನೆಯಲ್ಲೂ ನೋಡಿಲ್ಲ.

ಸಾಹೇಬರು ಬೋರ್ಡಿನಲ್ಲಿ 671 ಅಳಿಸಿ 613 ಬರೆದರು. ಗಣತಿಯವರ ಬಿಸಿಲು, ಸ್ಕೂಟರು, ಮೂವತ್ತೊಂದು ಯಾರ್ಡಿನ ಟೀ ಎಲ್ಲ ಉಳಿಯಿತು.

ಹಲೋ ಮೇಡಂ ತಲೆಯಾಡಿಸಿದರು. "ಹಲೋ... ಅಣ್ಣ ಹೇಳಿದ್ದು ಸರಿ ಸರ್. ನನಗೆ ಕಾಣೋದಿಲ್ಲವಲ್ಲ, ಹೇಳಿದ್ದನ್ನ ಬರ್ಕೊಂಡೆ. ಅಣ್ಣಾ, ನೀವೇ ಗುರುತು ಹಾಕಿಕೊಡ್ತೀರಾ? ತೆಗೆದುಬಿಡ್ತೀನಿ." ಎಂದು ತಮ್ಮ ಮೂಲ ಪಟ್ಟಿಯನ್ನು ಮುಂದೆ ಚಾಚಿದರು.

ಗಣತಿಯವರು ವಿಜಯಿಯ ಔದಾರ್ಯದಿಂದ ಹಾಳೆ ತಿರುವುತ್ತ ಗೀಟು ಹಾಕತೊಡಗಿದರು. ನಾಲ್ಕನೆಯ ಹಾಳೆಯಲ್ಲಿ ಪೆನ್ಸಿಲ್ ನಿಂತಿತು. ನಾನು ಪಕ್ಕದಲ್ಲೇ ಇದ್ದೆ, ಬಗ್ಗಿ ನೋಡಿದೆ. ಮೀಸೆ ಯಜಮಾನರ ಕಾರುಗಳ ಅಂಚಿನಲ್ಲಿ ಮೇಡಮ್ಮಿನ ದುಂಡು ಅಕ್ಷರದಲ್ಲಿ ಹೀಗಿತ್ತು: 'ಪಾರಿವಾಳ, ಮೋಡ, ಬೂದಿ, ಮೂರೂ ಒಂದೇ ಕಾರು. ಮಂಗಳವಾರ ಬಂದು ಹೋಗುತ್ತದೆ ಅಂತ ಗುಂಡಣ್ಣ ಬಾಯಿ ತಪ್ಪಿ ಹೇಳಿದರು. ಅಣ್ಣನಿಗೆ ಹೇಳುವುದು ಬೇಡ, ನೊಂದುಕೊಳ್ಳುತ್ತಾರೆ.'

ಕೆಳಗೆ ತಾರೀಖು. ಮೂರು ವಾರದ ಹಿಂದಿನದು.

ಗಣತಿಯವರ ಮುಖದಲ್ಲಿ ಆಗ ನಡೆದ ಯುದ್ಧವನ್ನು ವರ್ಣಿಸಲು ನನ್ನಿಂದಾಗದು. ಹೆಡ್‌ಫೋನಿನಲ್ಲಿ ಮೀರಿಸಿದ್ದಳು, ಸಹಿಸಿದ್ದರು. ಮಾತಿನಲ್ಲಿ ಮೀರಿಸಿದ್ದಳು, ಹೆಂಡತಿಯನ್ನೂ ಒಲಿಸಿಕೊಂಡಿದ್ದಳು, ಹಾಲು ಕುಡಿದು ಸಹಿಸಿದ್ದರು. ಈಗ ಒಳ್ಳೆಯತನದಲ್ಲೂ ಮುಂದೆ ಹೋಗುವುದೇ? ಅದೂ ಮೂರು ವಾರ ಮುಂಚೆಯೇ? ಹೊಟ್ಟೆಯೊಳಗಿನ ಕಿಚ್ಚು ಧಗ್ಗೆಂದಿತು.

"ಸಾಹೇಬ್ರೇ!" ಎಂದು ಗುಡುಗಿದರು. "ಮೇಡಮ್ಮಿಗೆ ಗೊತ್ತಿರೋದು ಒಂದೇ ಕಾರು! ನನ್ನ ಪಟ್ಟೀಲಿ ಇಪ್ಪತ್ತೊಂಬತ್ತು ಕಾರು ಮೂರು ಮೂರು ಸಲ ಇವೆ. ಇಪ್ಪತ್ತೊಂಬತ್ತು! ಡೀಲರುಗಳು ನನ್ನ ಮುಂದೆ ಮುಂದೆ ಓಡಿಸಿಕೊಂಡು ಹೋಗಿ ಮತ್ತೆ ಮತ್ತೆ ಎಣಿಸೋ ಹಾಗೆ ಮಾಡಿದ್ದಾರೆ. ನಾನೇ ಕಂಡುಹಿಡಿದೆ. ಬರ್ಕೊಳ್ಳಿ! ಹೆಚ್ಚಿಗೆ ಬಂದಿರೋದು ಐವತ್ತೆಂಟು. ಅವರದೂ ಐವತ್ತೆಂಟು, ನನ್ನದೂ ಐವತ್ತೆಂಟು. ಅದರಲ್ಲೂ ನಾನೇನು ಕಡಿಮೆ ಇಲ್ಲ!"

ಸಾಹೇಬರು ಬಾಯಿ ತೆರೆದುಕೊಂಡೇ 668 ಅಳಿಸಿ 610 ಬರೆದರು. ಮೇಡಮ್ಮಿನ 613 ಮೇಲೆ ಉಳಿಯಿತು. ಗಣತಿಯವರು ಬೋರ್ಡು ನೋಡಿದರು. ತಾವೇನು ಮಾಡಿಕೊಂಡೆವು ಎಂದು ಆಗ ಅರ್ಥವಾಯಿತು.

ಸೋಮವಾರ ಅವರು ನನ್ನ ಪಕ್ಕದ ಕುರ್ಚಿಗೆ ಬಂದರು.

ಒಂಬತ್ತು ದಿನ ಕೂತರು. ಬೆಳಗ್ಗೆ ಅಭ್ಯಾಸಬಲದಿಂದ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟುಕೊಂಡು, ಕಿಟಕಿಯಾಚೆ ನಿಂತ ಸ್ಕೂಟರನ್ನು ನೋಡುತ್ತ ನಂಬರ್ ಪ್ಲೇಟ್ ಮಸುಕು ಮಾಡಿದರು. ಈಗ ಫೋಟೋಗಳನ್ನು ಡೀಲರುಗಳೇ ಕಳಿಸುತ್ತಿದ್ದರು. "ಈ ಕಾರು ಅಕ್ಕನದಲ್ಲ ಮಸಿ. ಈ ಮುಖ ನಾನು ನೋಡೇ ಇಲ್ಲ. ಹೋಗಿ ನೋಡಿದ್ರೆ ಗೊತ್ತಾಗೋದು." ಹೋಗುವವರು ಯಾರೂ ಇರಲಿಲ್ಲ. ಮೇಡಂ ಮಾತಾಡಿಸಿದರೆ ಹ್ಞೂಂ, ಉಹ್ಞೂಂ ಅಷ್ಟೇ. ಕಿಟಕಿಯಾಚೆ ಹೊರಡುವವರು ಯಾರೂ ಇಲ್ಲದ್ದರಿಂದ ನನಗೂ ಅಸೂಯೆಪಡಲು ಏನೂ ಉಳಿಯದೆ ಬೇಜಾರಾಯಿತು.

ಅವರನ್ನು ಬಿಡಿಸಿದ್ದು ಧರ್ಮವಲ್ಲ, ನ್ಯಾಯವೂ ಅಲ್ಲ. ಇನ್ನೊಬ್ಬರ ಹೊಟ್ಟೆಕಿಚ್ಚು.

ನೋಡಲು ಯಾರೂ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಡೀಲರುಗಳ ನಾಲಗೆಗೆ ಲಗಾಮು ಹೋಯಿತು. ಮೀಸೆ ಯಜಮಾನರು ಫೋನಿನಲ್ಲಿ ಅರವತ್ತು ಕಾರು ಓದಿದರು. ಅದು ವೆಬ್‌ಸೈಟಿನಲ್ಲಿ ಕಂಡು ಗುಂಡಣ್ಣ ಎಪ್ಪತ್ತು ಓದಿದರು. ಮೂವತ್ತು ಕಾರು ಹಿಡಿಯುವ ಜಾಗದಲ್ಲಿ ಕನ್ನಡಕದ ಅಕ್ಕ ಎಂಬತ್ತೈದು ನಿಲ್ಲಿಸಿದರು. ಚಾಸಿ ನಂಬರುಗಳನ್ನು ಬಾಯಿಗೆ ಬಂದ ಹಾಗೆ ಕಟ್ಟಿ ಹೇಳಿದರು. ಕೊಳ್ಳಲು ಬಂದವರು ಬರೀ ಮಣ್ಣು ನೋಡಿ ನಮ್ಮ ಕಚೇರಿಗೆ ಫೋನ್ ಮಾಡಿ ಬೈದರು. ಅದಕ್ಕಿಂತ ಹೆಚ್ಚು ಬೈದವರು ಡೀಲರುಗಳೇ.

"ಮೇಡಂ, ಗುಂಡನ ಹತ್ರ ಎಪ್ಪತ್ತು ಕಾರೇ?" ಮೀಸೆ ಯಜಮಾನರ ದನಿ ಹೆಡ್‌ಫೋನ್ ದಾಟಿ ನಮ್ಮ ಮೇಜಿನವರೆಗೆ ಬಂತು. "ಅವನ ಜನ್ಮದಲ್ಲಿ ಎಪ್ಪತ್ತು ಕಾರು ನೋಡಿದ್ದಾನಾ? ಆ ಗಣತಿಯವನನ್ನ ಕಳಿಸಿ, ಎಣಿಸಲಿ!"

"ಹಲೋ... ಆಯ್ತು ಅಣ್ಣಾ, ನಿಮ್ಮದೂ ಎಣಿಸ್ತಾರೆ."

"ನನ್ನದು ಯಾಕೆ? ನನ್ನ ಮೇಲೆ ನಂಬಿಕೆ ಇಲ್ವಾ? ಅವನದು ಎಣಿಸಿ!"

ಅರ್ಧ ಗಂಟೆಗೆ ಗುಂಡಣ್ಣ ಇದೇ ಮಾತು ಹೇಳಿದರು. ಆಮೇಲೆ ಅಕ್ಕ. ಸಂಜೆಯೊಳಗೆ ಹದಿನೇಳು ಡೀಲರುಗಳು ಫೋನ್ ಮಾಡಿ ಗಣತಿಯವರನ್ನು ಕಳಿಸಿ ಎಂದರು, ತಂತಮ್ಮ ಯಾರ್ಡಿಗಲ್ಲ, ಪಕ್ಕದವನ ಯಾರ್ಡಿಗೆ. ಮೇಡಂ ಎದ್ದು ಸಾಹೇಬರ ಕೋಣೆಗೆ ಹೋಗಿ ಬಂದರು. ಗಣತಿಯವರ ಮುಂದೆ ನಿಂತು, "ಅಣ್ಣಾ, ನಾಳೆ ಹೊರಡ್ತೀರಾ? ದಾರಿ ಮಾತ್ರ ದಿನಾ ಬೇರೆ. ಬೆಳಗ್ಗೆ ನಾನು ಹೇಳ್ತೀನಿ, ಯಾರಿಗೂ ಮುಂಚೆ ಗೊತ್ತಾಗಬಾರದು. ಮುಖದ ಜೊತೆ ನಂಬರೂ ನೋಡಬೇಕು," ಎಂದರು.

ಗಣತಿಯವರು ಹೆಲ್ಮೆಟ್ ಕೈಗೆತ್ತಿಕೊಂಡು ಬಹಳ ಹೊತ್ತು ಅದರ ಧೂಳು ಒರೆಸಿದರು. "ನೋಡೋಣ," ಎಂದರು. ಕಣ್ಣು ಒದ್ದೆಯಾಗಿದ್ದನ್ನು ನಾನು ಕಂಡೆ. ಯಾರಿಗೂ ಹೇಳಿಲ್ಲ, ಇಲ್ಲಿ ಬರೆದದ್ದು ಬಿಟ್ಟರೆ.

ಇಲ್ಲಿಗೆ ಹೊಟ್ಟೆಕಿಚ್ಚು ಆರಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ಮನೆ ಬದಲಾಯಿಸಿತು. ಕೆಲಸ ಬೆಳೆದದ್ದರಿಂದ ಸಾಹೇಬರು ಇನ್ನೊಬ್ಬರನ್ನು ಸುತ್ತಿಗೆ ನೇಮಿಸಿದರು, ನಿವೃತ್ತ ಬಸ್ ಕಂಡಕ್ಟರು. ಅವರು ಕಾರುಗಳನ್ನು ಪ್ರಯಾಣಿಕರಂತೆ ತಲೆ ಎಣಿಸಿ, ಕೊನೆಗೆ ಯಾರ್ಡಿನ ಗೇಟು ಬಡಿದು "ರೈಟ್!" ಎನ್ನುತ್ತಾರೆ. ಹಲೋ ಮೇಡಂ ಮಧ್ಯಾಹ್ನ ಇಬ್ಬರಿಗೂ ಫೋನ್ ಮಾಡಿ ಊಟ ಆಯ್ತಾ ಎಂದು ಕೇಳುತ್ತಾರೆ. ಕಂಡಕ್ಟರಿಗೆ ಹನ್ನೆರಡೂ ನಲವತ್ತಕ್ಕೆ. ಗಣತಿಯವರಿಗೆ ಹನ್ನೆರಡೂ ಐವತ್ತಕ್ಕೆ.

"ಯಾಕೆ ಮಸಿ?" ಎಂದು ಗಣತಿಯವರು ನನ್ನ ಮೇಜಿನ ಮೂಲೆ ಹಿಡಿದು ಕೇಳಿದರು. "ಅವನಿಗೆ ಯಾಕೆ ಮೊದಲು? ಅವನು ಬಂದು ಎರಡು ತಿಂಗಳಾಗಿಲ್ಲ. ಹತ್ತು ನಿಮಿಷ, ಮಸಿ!"

ಮರುದಿನ ಹನ್ನೆರಡೂ ಮೂವತ್ತೆಂಟಕ್ಕೆ ಮೇಡಮ್ಮಿನ ಫೋನ್ ಅದಾಗೇ ಹೊಡೆದುಕೊಂಡಿತು.

"ಹಲೋ... ಏನಣ್ಣಾ? ಏನಾಯ್ತು?"

ಗಣತಿಯವರ ದನಿ ಸ್ಕೂಟರಿನ ಕೆಮ್ಮಿನ ನಡುವೆ ನನಗೂ ಕೇಳಿತು. "ಏನಿಲ್ಲ ಮೇಡಂ. ನಿಮ್ಮದು ಊಟ ಆಯ್ತಾ ಅಂತ."

ಮೇಡಂ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡರು. ದಿನಕ್ಕೆ ನಲವತ್ತು ಜನರನ್ನು ಕೇಳುವವರು ಅವರು. ಅವರನ್ನು ಕೇಳಿದವರು ಯಾರೂ ಇದ್ದಂತಿರಲಿಲ್ಲ. "ಇಲ್ಲಣ್ಣಾ, ಇನ್ನೂ ಇಲ್ಲ," ಎಂದರು. ಅಷ್ಟರಲ್ಲಿ ಎರಡನೆಯ ಲೈನಿನ ದೀಪ ಮಿನುಗಿತು. "ಒಂದು ನಿಮಿಷ ಅಣ್ಣಾ, ಕಂಡಕ್ಟರ್ ಅಣ್ಣ ಕಾಯ್ತಿದ್ದಾರೆ."

"ಕಾಯ್ಲಿ ಬಿಡಿ," ಎಂದರು ಗಣತಿಯವರು. ಸ್ಕೂಟರ್ ಆಫ್ ಮಾಡಿದ ಸದ್ದು ಕೇಳಿತು. "ಹೇಳಿ ಮೇಡಂ, ನಿಮ್ಮ ತಾಯಿಯವರ ಮಂಡಿನೋವು ಈಗ ಹೇಗಿದೆ?"